ತನಿ ಬಿಟ್ಟರು, ಏಳಿ!

ಪುರಾಣದ ರಾಮ ಹುಟ್ಟಿದ್ದು ಒಂದೇ ದಿನ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮಾತ್ರ ಅವನು ತಿಂಗಳುಗಟ್ಟಲೆ ಹುಟ್ಟುತ್ತಲೇ ಇರುತ್ತಾನೆ, ಅದೂ ಮೈಕು, ತಂಬೂರಿಗಳ ಸಮೇತ. 1939ರಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾವ್ ಶುರುಮಾಡಿದ ಶ್ರೀರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವದ ಕೃಪೆ. ಕೋಟೆ ಹೈಸ್ಕೂಲಿನ ಮೈದಾನದ ಚಪ್ಪರದಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿಯವರೂ ಹಾಡಿದರು, ಭೀಮಸೇನ ಜೋಶಿಯವರೂ ಹಾಡಿದರು. ಊರಿನ ಉಳಿದ ಬಡಾವಣೆಗಳೂ ಸುಮ್ಮನಿಲ್ಲ. ಶೇಷಾದ್ರಿಪುರದಲ್ಲಿ ಒಂದು ಚಪ್ಪರ, ಇನ್ನೊಂದು ಕಡೆ ಗುಡಿಯ ಜಗುಲಿ. ಚೈತ್ರದ ಸೆಕೆಗೆ ಪಾನಕ ಇದೆ, ಕೋಸಂಬರಿ ಇದೆ. ಇವತ್ತು ಯಾರ ಕಚೇರಿ, ಪಕ್ಕವಾದ್ಯ ಯಾರದು, ಮುಂದಿನ ಸಾಲಿಗೆ ಟವೆಲ್ ಹಾಕಲು ಎಷ್ಟು ಹೊತ್ತಿಗೆ ಹೊರಡಬೇಕು ಎಂಬ ಸೆಕೆಗೆ ಮಾತ್ರ ಮದ್ದಿಲ್ಲ.

ನಮ್ಮ ಪಕ್ಕದ ಮನೆಯ ರಾಯರದು ಈ ಎರಡನೇ ಸೆಕೆ. ವರ್ಣಕ್ಕೆ ಮೊದಲೇ ಬಂದು ಕೂತಿರುತ್ತಾರೆ. ಆಲಾಪನೆಯ ಮೊದಲ ಎಳೆ ಬಿದ್ದದ್ದೇ ತಡ, ಪಕ್ಕದವರ ಕಿವಿಯಲ್ಲಿ "ಕಲ್ಯಾಣಿ" ಎನ್ನುತ್ತಾರೆ. ಅದು ಕಲ್ಯಾಣಿಯಾಗದೆ ಶಂಕರಾಭರಣಕ್ಕೆ ತಿರುಗಿಕೊಂಡರೆ "ನಾನೂ ಅದನ್ನೇ ಹೇಳಿದ್ದು" ಎನ್ನುತ್ತಾರೆ. ನೆರವಲ್‌ಗೆ ತಲೆ, ಸ್ವರಪ್ರಸ್ತಾರಕ್ಕೆ ಕೈ, ನಡುವೆ ಅಲ್ಲಲ್ಲಿ ಒಂದೊಂದು "ಭಲೇ". ಎಲ್ಲ ಸಾಂಗವಾಗಿ ನಡೆಯುತ್ತಿರುವಾಗ ಹಾಡುವವರು ಮೃದಂಗದವರ ಕಡೆ ತಿರುಗಿ ಸಣ್ಣದೊಂದು ನಗೆ ನಕ್ಕು ತನಿ ಬಿಡುತ್ತಾರೆ, ಅಂದರೆ ಹಾಡು ನಿಲ್ಲಿಸಿ ಲಯವಾದ್ಯದವರಿಗೇ ವೇದಿಕೆ ಬಿಟ್ಟುಕೊಡುತ್ತಾರೆ.

ರಾಯರು ಎದ್ದರು.

"ಎಲ್ಲಿಗೆ ರಾಯರೇ?"

"ಕಾಲು ಜೋಮು ಹಿಡಿದುಬಿಟ್ಟಿದೆ ಸ್ವಾಮಿ."

ಈ ಜೋಮನ್ನು ಗಮನಿಸಬೇಕು. ಮುಕ್ಕಾಲು ಗಂಟೆಯ ಕಲ್ಯಾಣಿಗೆ ಹಿಡಿಯದ ಜೋಮು ತನಿ ಆವರ್ತನದ ಮೊದಲ ಪೆಟ್ಟಿಗೆ ಸರಿಯಾಗಿ ಹಿಡಿಯುತ್ತದೆ, ಅದೂ ಅರ್ಧ ಚಪ್ಪರಕ್ಕೆ ಏಕಕಾಲದಲ್ಲಿ. ತಾಳ ತಪ್ಪದ ಜೋಮು. ಕ್ಷಣಮಾತ್ರದಲ್ಲಿ ಕುರ್ಚಿಗಳ ಕಿರಿಕಿರಿ, ಚಪ್ಪಲಿಯ ಹುಡುಕಾಟ, "ಸ್ವಲ್ಪ ಕಾಲು ತೆಗೀರಿ". ಪಾಪ, ಮೃದಂಗದವನು ಇಷ್ಟು ಹೊತ್ತೂ ಹಾಡುವವರ ಮನಸ್ಸು ಯಾವ ಕಡೆ ತಿರುಗೀತು ಎಂದು ಊಹಿಸಿ ಊಹಿಸಿ ನುಡಿಸಿದ್ದಾನೆ. ತನ್ನದೇ ಎಂದು ಅವನಿಗೆ ಸಿಕ್ಕುವುದು ಈ ಕಾಲು ಗಂಟೆ, ಅದರಲ್ಲೂ ಘಟ ಖಂಜಿರಗಳಿಗೆ ಪಾಲು ಕೊಡಬೇಕು. ಕಣ್ಣೆತ್ತಿ ನೋಡಿದರೆ ಕಾಣುವುದು ರಸಿಕರ ಬೆನ್ನು! ಮೃದಂಗದ ಎಡಮುಖದ ನಾದ ಕೂಡಲೆಂದು ಅವನು ರವೆ ಕಲಸಿ ಮೆತ್ತಿಕೊಂಡು ಕೂತಿದ್ದಾನೆ. ಇವರು ಅದೇ ರವೆಯನ್ನು ಉಪ್ಪಿಟ್ಟಿನ ರೂಪದಲ್ಲಿ ಆಸ್ವಾದಿಸಲು ಕ್ಯಾಂಟೀನಿಗೆ ಓಡುತ್ತಾರೆ.

ಕ್ಯಾಂಟೀನಿನಲ್ಲಿ ನಡೆಯುವುದೂ ಒಂದು ಕಚೇರಿಯೇ. ಮೊಮ್ಮಗನ ವೀಸಾ ರಾಗ, ಸೈಟಿನ ಖಾತೆ ತಾನ, ಮಂಡಿನೋವು ಪಲ್ಲವಿ. ಕಾಫಿ ಮುಗಿಯುವ ಹೊತ್ತಿಗೆ "ಇವತ್ತು ತನಿ ಅಷ್ಟಕ್ಕಷ್ಟೇ" ಎಂಬ ವಿಮರ್ಶೆಯೂ ಸಿದ್ಧ. ಕೇಳದೆಯೇ ಹೇಳಿದ್ದರಿಂದ ಅದರಲ್ಲಿ ಪೂರ್ವಗ್ರಹವಿಲ್ಲ.

ಇದಕ್ಕೆ ಕಾರಣ ಕಾಫಿಯಲ್ಲ, ಪರೀಕ್ಷೆಯ ಭಯ ಎಂದು ನನ್ನ ಗುಮಾನಿ. ರಾಗದಲ್ಲಿ ಬಚಾವಾಗಬಹುದು. ಎಪ್ಪತ್ತೆರಡು ಮೇಳಕರ್ತಗಳಿವೆ, ಜನ್ಯರಾಗಗಳಿಗೆ ಲೆಕ್ಕವಿಲ್ಲ. ಗೊತ್ತಾಗದಿದ್ದರೆ ಕಣ್ಣು ಮುಚ್ಚಿದರಾಯಿತು, ನೋಡಿದವರು ತನ್ಮಯತೆ ಎಂದುಕೊಳ್ಳುತ್ತಾರೆ. ಸಾಹಿತ್ಯ ತೆಲುಗಿನದಾದರೂ ನಡುವೆ ಒಂದು ರಾಮ ಬಂದೇ ಬರುತ್ತಾನೆ, ಅಲ್ಲಿ ಕೈ ಮುಗಿಯಬಹುದು. ತನಿಯಲ್ಲಿ ರಾಗವಿಲ್ಲ, ರಾಮನಿಲ್ಲ, ಇರುವುದು ಲೆಕ್ಕ. ಆದಿತಾಳವಾದರೆ ಎಂಟು ಎಣಿಕೆ, ಬೆರಳು ಮಡಿಸಿಯಾದರೂ ದಡ ಸೇರಬಹುದು. ಮಿಶ್ರಚಾಪಿನ ಏಳಕ್ಕೆ ಬಂದರೆ ರಾಯರ ತೊಡೆಯ ಮೇಲಿನ ಕೈ ಮೂರನೇ ಆವರ್ತಕ್ಕೇ ಅನಾಥ. ಕೊನೆಯಲ್ಲಿ ಲಯವಾದ್ಯದವರೆಲ್ಲ ಒಟ್ಟಾಗಿ ಮೋಹರ ನುಡಿಸಿ, ಮುಕ್ತಾಯವನ್ನು ಮೂರು ಸಲ ಹೇಳಿ, ಪಲ್ಲವಿಯ ಸಾಲು ಎಲ್ಲಿ ಶುರುವಾಗಬೇಕೋ ಆ ಎಡುಪಿಗೆ ತಂದು ಇಳಿಸುತ್ತಾರಲ್ಲ, ಆಗ ಸರಿಯಾಗಿ "ಆಹಾ" ಎನ್ನಬೇಕು. ಅರ್ಧ ಎಣಿಕೆ ಮೊದಲೇ ಅಂದವನ ಗತಿ ಅಧೋಗತಿ. ಹಿಂದಿನ ಸಾಲಿನಲ್ಲಿ ಮೃದಂಗ ಕಲಿಯುತ್ತಿರುವ ಹತ್ತು ವರ್ಷದ ಪೋರ ತಿರುಗಿ ನೋಡುತ್ತಾನೆ. ಆ ನೋಟ ಎದುರಿಸುವುದಕ್ಕಿಂತ ಉಪ್ಪಿಟ್ಟು ಮೇಲು.

ಹಿಂದಿನವರು ಕೇಳುಗರಿಗಾಗಿ ಪಟ್ಟ ಪಾಡು ನೆನೆದರೆ ಸಂಕಟವಾಗುತ್ತದೆ. ಮೈಕಿಲ್ಲದ ಕಾಲದಲ್ಲಿ ಹಿಂದಿನ ಸಾಲಿಗೂ ಕೇಳಲೆಂದು ನಮ್ಮ ಮೈಸೂರು ಟಿ. ಚೌಡಯ್ಯನವರು ನಾಲ್ಕು ತಂತಿಯ ಪಿಟೀಲನ್ನು ಏಳು ತಂತಿಯದು ಮಾಡಿಕೊಂಡರು. ಮೈಕು ಬಂದ ಮೇಲೆ ಪಾಲಘಾಟ್ ಮಣಿ ಅಯ್ಯರ್ ಅದು ನಾದವನ್ನು ಕೆಡಿಸುತ್ತದೆಂದು ಮೃದಂಗಕ್ಕೆ ಅದೇ ಬೇಡ ಎಂದು ಹಟ ಹಿಡಿದರು. ಒಬ್ಬರದು ಹಿಂದಿನ ಸಾಲಿನ ಚಿಂತೆ, ಇನ್ನೊಬ್ಬರದು ನಾದದ ಚಿಂತೆ. ಕ್ಯಾಂಟೀನಿನಲ್ಲಿ ಕೂತವರ ಚಿಂತೆಯನ್ನು ಇಬ್ಬರೂ ಮಾಡಲಿಲ್ಲ.

ಎಲ್ಲರೂ ಏಳುತ್ತಾರೆ ಅಂದರೆ ಸುಳ್ಳಾದೀತು. ಗೋಡೆಯ ಪಕ್ಕ ಒಬ್ಬರು ಅಜ್ಜಿ ಕೂತಿರುತ್ತಾರೆ, ಕೈಯಲ್ಲಿ ಜಪಮಾಲೆಯ ಚೀಲ, ಬಾಯಲ್ಲಿ ಮಾತಿಲ್ಲ. ಮೃದಂಗಕ್ಕೂ ಘಟಕ್ಕೂ ಸವಾಲ್ ಜವಾಬ್ ನಡೆದು ಎರಡಾವರ್ತ ಒಂದಾಗಿ, ಒಂದು ಅರ್ಧವಾಗಿ, ಅರ್ಧ ಕಾಲಾಗಿ ಕಿರಿದಾಗುತ್ತ ಬರುವಾಗ ಅವರ ಹೆಬ್ಬೆರಳು ಒಂದು ಎಣಿಕೆಯನ್ನೂ ಬಿಡುವುದಿಲ್ಲ. ಘಟದವರು ಅವರನ್ನೇ ನೋಡಿ ನುಡಿಸುತ್ತಾರೇನೋ ಅನ್ನಿಸುತ್ತದೆ. ಮುಂದಿನ ಸಾಲು ಖಾಲಿ, ಇನ್ನು ಯಾರನ್ನು ನೋಡಬೇಕು?

ಇದನ್ನೆಲ್ಲ ರಾಯರಿಗೆ ಹೇಳಿಯೇಬಿಟ್ಟೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಲೋಟ ಕೆಳಗಿಟ್ಟು, "ಅಷ್ಟು ಕಾಳಜಿಯಿದ್ದರೆ ಕ್ಯಾಂಟೀನಿಗೇ ಒಂದು ಸ್ಪೀಕರ್ ಹಾಕಿಸಲಿ, ಇಲ್ಲೇ ಕೇಳ್ತೀವಿ" ಅಂದರು.

ಹಾಕಿಸಬಹುದು. ಆದರೆ ರಾಯರಿಗೆ ಜೋಮು ಅಲ್ಲೂ ಹಿಡಿಯುತ್ತದೆ. ಆಗ ಎದ್ದು ಚಪ್ಪರದೊಳಗೆ ಬಂದಾರು.