ಮೂರು ಸಮಪಾಲು, ಪೇಚು ಸಿಂಹಪಾಲು

ಅಡುಗೆ ಬಾರದವರ ಮೇಲೆ ಕರುಣೆಯಿಟ್ಟು ದೇವರೇ ಸೃಷ್ಟಿಸಿದ ಪಾನೀಯ ನೆಗ್ರೋನಿ. ಜಿನ್ 30 ಮಿಲಿ, ಕಂಪಾರಿ 30 ಮಿಲಿ, ಸಿಹಿ ಕೆಂಪು ವರ್ಮುತ್ 30 ಮಿಲಿ. ಐಸ್ ತುಂಬಿದ ಲೋಟಕ್ಕೆ ಮೂರನ್ನೂ ಸುರಿಯುವುದು, ಚಮಚದಲ್ಲಿ ಕದಡುವುದು, ಕಿತ್ತಳೆಯ ಹೋಳೊಂದನ್ನು ಇಳಿಬಿಡುವುದು. ಒಲೆ ಹಚ್ಚಬೇಕಿಲ್ಲ, ತಳ ಹಿಡಿಯುವ ಭಯವಿಲ್ಲ. ಇಂಥದ್ದನ್ನೂ ಕೆಡಿಸಬೇಕೆಂದರೆ ವಿಶೇಷ ವಿದ್ವತ್ತು ಬೇಕು. ನನ್ನಲ್ಲಿ ಅದು ಧಾರಾಳವಾಗಿತ್ತು.

ಮಿಲಾನಿಗೆ ಬಂದು ನೆಲೆಸಿದ ಮೇಲೆ ಇಲ್ಲಿಯ ಭಾಷೆಗಿಂತ ಮೊದಲು ನಾನು ಕಲಿತದ್ದು ಇಲ್ಲಿಯ ಪಾನೀಯಗಳ ವಂಶಾವಳಿ. ಸಿಕ್ಕಸಿಕ್ಕವರಿಗೆಲ್ಲ ಒಪ್ಪಿಸುತ್ತಿದ್ದೆ: ಸಿಹಿ ವರ್ಮುತ್ 1786ರಲ್ಲಿ ಟ್ಯೂರಿನ್ನಿನ ಕಾರ್ಪಾನೋ ಎಂಬಾತನದು; ಕಂಪಾರಿ 1860ರಲ್ಲಿ ನೊವಾರಾದ ಗಾಸ್ಪಾರೆ ಕಂಪಾರಿಯದು; ಎರಡನ್ನೂ ಬೆರೆಸಿ ಸೋಡಾ ಹಾಕಿದರೆ ಅಮೆರಿಕಾನೋ. 1919ರ ಸುಮಾರಿಗೆ ಫ್ಲಾರೆನ್ಸಿನ ಕಸೋನಿ ಕೆಫೆಯಲ್ಲಿ ಕಮಿಲ್ಲೋ ನೆಗ್ರೋನಿ ಎಂಬ ಕೌಂಟ್ ಮಹಾಶಯನಿಗೆ ಆ ಸೋಡಾ ಸಪ್ಪೆ ಎನಿಸಿ, ಫೋಸ್ಕೋ ಸ್ಕಾರ್ಸೆಲ್ಲಿ ಎಂಬ ಬಾರ್‌ನವನ ಕೈಯಲ್ಲಿ ಅದರ ಜಾಗಕ್ಕೆ ಜಿನ್ ಹಾಕಿಸಿಕೊಂಡನಂತೆ. ಗುರುತಿಗಿರಲಿ ಎಂದು ಸ್ಕಾರ್ಸೆಲ್ಲಿ ನಿಂಬೆಯ ಬದಲು ಕಿತ್ತಳೆ ಇಟ್ಟನಂತೆ.

ಕೇಳಿ ಕೇಳಿ ರೋಸಿಹೋದ ನನ್ನವಳು, "ಇಷ್ಟೆಲ್ಲ ಗೊತ್ತಿದ್ದ ಮೇಲೆ ಒಂದ್ಸಲ ಮಾಡಿಯೇ ತೋರಿಸ್ಬಿಡಿ" ಎಂದಳು. ಶಿವಮೊಗ್ಗದಿಂದ ಅವಳ ಸೋದರಮಾವ ಬಂದಿದ್ದರು. ಕೆಳಗಿನ ಮನೆಯ ಅಜ್ಜಿಯನ್ನೂ ಕರೆದೆವು. ಆಕೆ ಹುಟ್ಟಿ ಬೆಳೆದದ್ದೆಲ್ಲ ಮಿಲಾನಿನಲ್ಲೇ.

ವರ್ಮುತ್ ಮನೆಯಲ್ಲೇ ಇತ್ತು. ಯಾವುದೋ ಹಬ್ಬಕ್ಕೆ ಮುಚ್ಚಳ ತೆಗೆದದ್ದು, ಅಂದಿನಿಂದ ಶೋಕೇಸಿನಲ್ಲಿ ಬಿಸಿಲು ಕಾಯಿಸುತ್ತಾ ನಿಂತಿತ್ತು. ಮದ್ಯ ಹಳತಾದಷ್ಟೂ ರುಚಿ ಎಂಬ ಮಾತನ್ನು ನಂಬಿ ನಾನು ಅದನ್ನು ಜೋಪಾನ ಮಾಡಿದ್ದೆ. ಬಗ್ಗಿಸಿದಾಗ ಮೂಗಿಗೆ ಹುಳಿ ವಾಸನೆ ಬಡಿಯಿತು. ಗಿಡಮೂಲಿಕೆಯ ಘಾಟಿರಬೇಕು ಎಂದು ನನಗೆ ನಾನೇ ವ್ಯಾಖ್ಯಾನ ಮಾಡಿಕೊಂಡೆ. ಅಳತೆಗೆ ಸಿಕ್ಕಿದ್ದು ಕೆಮ್ಮಿನ ಸಿರಪ್ಪಿನ ಮುಚ್ಚಳ. ಐಸ್ ನಮ್ಮ ಫ್ರೀಜರಿನದು. ಅಲ್ಲಿ ಅದರ ನೆರೆಹೊರೆಯವರೆಂದರೆ ತುರಿದ ಕಾಯಿ, ಕರಿಬೇವು, ಊರಿಂದ ಬಂದ ಸಾರಿನ ಪುಡಿ.

ನೆಗ್ರೋನಿಯನ್ನು ಕದಡಬೇಕು, ಅಲ್ಲಾಡಿಸಬಾರದು ಎಂಬುದನ್ನು ನಾನು ಓದಿದ್ದೆ. ಆದರೆ ಎದುರಿಗೆ ಪ್ರೇಕ್ಷಕರಿದ್ದಾರೆ. ಬರೀ ಚಮಚ ತಿರುಗಿಸಿದರೆ ಯಾವ ಶೋಭೆ? ಜಿಮ್ ಸೇರುತ್ತೇನೆಂದು ಕೊಂಡು, ಜಿಮ್ಮಿನ ಮುಖ ಕಾಣದೆ ಉಳಿದಿದ್ದ ಪ್ರೋಟೀನ್ ಶೇಕರ್ ಹೊರಬಂತು. ಎಲ್ಲವನ್ನೂ ಅದಕ್ಕೆ ಸುರಿದು, ಭುಜದ ಮೇಲೆತ್ತಿ, ಸಿನಿಮಾದ ಬಾರ್‌ನವನ ಹಾಗೆ ಆಡಿಸಿದೆ. ಮೊದಲ ಬೀಸಿಗೇ ಮುಚ್ಚಳ ಹಾರಿತು. ಮನೆ ಮಾಲೀಕರ ಬಿಳಿ ಗೋಡೆಯ ಮೇಲೆ ಕಂಪಾರಿಯ ಕೆಂಪು ಮೇಲಿಂದ ಕೆಳಗೆ ಸಾಲಾಗಿ ಇಳಿಯತೊಡಗಿತು, ನನ್ನವಳ ಬಾಯಿಂದ ಬಂದದ್ದು "ರೀ, ಡೆಪಾಸಿಟ್ಟು!" ಎಂಬ ಒಂದೇ ಉದ್ಗಾರ. ಉಳಿದದ್ದನ್ನು ಮೂರು ಲೋಟಕ್ಕೆ ಹಂಚಿ, ಕಿತ್ತಳೆ ಸಿಪ್ಪೆಯ ಎಣ್ಣೆಯನ್ನು ಮೇಲೆ ಚಿಮುಕಿಸಲು ಹೋದೆ. ಎಣ್ಣೆ ನೆಟ್ಟಗೆ ನನ್ನ ಬಲಗಣ್ಣಿಗೆ ಚಿಮ್ಮಿತು.

ಒಂದು ಕಣ್ಣಿನಲ್ಲಿ ನೀರು ಸುರಿಸುತ್ತಲೇ ನಾನು ಕಂಪಾರಿಯ ಬಣ್ಣದ ಚರಿತ್ರೆ ಹೇಳಿದೆ: ಮೊದಲೆಲ್ಲ ಕೊಚಿನೀಲ್ ಎಂಬ ಹುಳುವನ್ನು ಒಣಗಿಸಿ ಈ ಕೆಂಪು ತೆಗೆಯುತ್ತಿದ್ದರು, 2006ರಲ್ಲಿ ಅದನ್ನು ಬಿಟ್ಟರು. ಮೊಟ್ಟೆಯನ್ನೂ ಮುಟ್ಟದ ಮಾವನವರು ಲೋಟವನ್ನು ತುಟಿಯ ಹತ್ತಿರವೇ ನಿಲ್ಲಿಸಿ, "ಅಳಿಯಂದ್ರೇ, ನಿಮ್ಮ ಬಾಟ್ಲಿ ಅದಕ್ಕೆ ಮುಂಚಿಂದೋ ಆಮೇಲಿಂದೋ?" ಎಂದರು. ಧೈರ್ಯ ಹೇಳಿ ಕುಡಿಸಿದೆ. ನೆಲಬೇವಿನ ಕಷಾಯ ಕುಡಿದವರಂತೆ ಕಣ್ಣು ಮುಚ್ಚಿ ನುಂಗಿ, "ಇದು ಊಟಕ್ಕೆ ಮುಂಚೆಯೋ ಆಮೇಲೋ?" ಎಂದು ಕೇಳಿದರು.

"ಮುಂಚೆ, ಮಾವ. ಹಸಿವು ಕೆರಳಿಸುತ್ತೆ."

"ನೆಲಬೇವೂ ಅದನ್ನೇ ಮಾಡುತ್ತೆ. ಹಿತ್ತಲಲ್ಲಿ ಬಿಟ್ಟಿ ಸಿಗುತ್ತೆ."

ಸೋಲೊಪ್ಪುವ ಜಾಯಮಾನ ನನ್ನದಲ್ಲ. "ಇದೇ ಊರಿನ ಬಾರ್ ಬಾಸ್ಸೋದಲ್ಲಿ 1972ರಲ್ಲಿ ಮಿರ್ಕೋ ಸ್ಟೊಕ್ಕೆಟ್ಟೋ ಅನ್ನೋನು ಜಿನ್ ಬದಲು ಕೈತಪ್ಪಿ ನೊರೆವೈನ್ ಸುರಿದ. ಅದು ಜಗತ್ಪ್ರಸಿದ್ಧ ಆಗ್ಲಿಲ್ವಾ?" ಎಂದೆ. "ಅವನು ತಪ್ಪಿದ್ದು ಒಂದು ಬಾಟ್ಲಿಲಿ. ನೀವು ಸರಿಯಾಗಿ ಮಾಡಿದ್ದು ಯಾವುದು ಹೇಳಿ" ಎಂದಳು ಗೋಡೆ ಉಜ್ಜುತ್ತಿದ್ದವಳು.

ಅಜ್ಜಿ ಒಂದು ಗುಟುಕು ಕುಡಿದು ಲೋಟವನ್ನು ಮೆಲ್ಲಗೆ ಕೆಳಗಿಟ್ಟರು. ವರ್ಮುತ್ ಬಾಟಲಿ ಮೂಸಿದರು. ನನ್ನನ್ನು ಒಂದು ಮಾತೂ ಕೇಳದೆ ಅದನ್ನು ಸಿಂಕಿಗೆ ಬಗ್ಗಿಸಿ, ಕೆಳಗೆ ಹೋಗಿ ತಮ್ಮ ಫ್ರಿಜ್ಜಿನಿಂದ ಬೇರೆ ಬಾಟಲಿಯನ್ನೂ ದಪ್ಪ ಐಸನ್ನೂ ತಂದರು. ಮೂರನ್ನೂ ಕಣ್ಣಳತೆಯಲ್ಲೇ ಲೋಟಕ್ಕೆ ಸುರಿದು, ಚಮಚ ಆಡಿಸಿ, ಕಿತ್ತಳೆಯ ಹೋಳು ಹಾಕಿ ಕೈಗಿಟ್ಟರು. ಮೊದಲು ಸಿಹಿ, ಹಿಂದೆಯೇ ಕಹಿ, ಕೊನೆಯಲ್ಲಿ ಕಿತ್ತಳೆಯ ಘಮ. ಮಾವನವರು ಆ ಲೋಟವನ್ನು ಕಣ್ಣು ಬಿಟ್ಟುಕೊಂಡೇ ಮುಗಿಸಿದರು. ನಾನು ಕೌಂಟ್‌ನ ಕಥೆ ತೆಗೆದೆ. ಅಜ್ಜಿ, "ಆಲಿವ್ ಎಲ್ಲಿ?" ಎಂದರು.

ಆದ್ದರಿಂದ ಓದುಗರಲ್ಲಿ ವಿನಂತಿ. ವರ್ಮುತ್ ಎಷ್ಟಾದರೂ ವೈನು. ಮುಚ್ಚಳ ತೆಗೆದ ಮೇಲೆ ಫ್ರಿಜ್ಜಿನಲ್ಲಿಟ್ಟು ಒಂದೆರಡು ತಿಂಗಳಲ್ಲಿ ಮುಗಿಸಿ. ಐಸ್ ದಪ್ಪಗಿರಲಿ, ಸಾರಿನ ಪುಡಿಯಿಂದ ದೂರವಿರಲಿ. ಕದಡಿ, ಅಲ್ಲಾಡಿಸಬೇಡಿ. ಮೂರಕ್ಕೆ ಮೂರೂ ಮದ್ಯವೇ ಆದ್ದರಿಂದ ಒಂದು ಲೋಟಕ್ಕೆ ನಿಲ್ಲಿಸಿ. ಚರಿತ್ರೆ ಹೇಳಲೇಬೇಕೆಂಬ ತೀಟೆಯಿದ್ದರೆ ಆ ಲೋಟ ಖಾಲಿಯಾದ ಮೇಲೆ ಶುರುಮಾಡಿ. ಎದ್ದು ಹೋಗುವ ಅವಸರ ಆಗ ಯಾರಿಗೂ ಇರುವುದಿಲ್ಲ.