ಎಂಬತ್ತೈದಕ್ಕೆ ನಿಂತ ನರ್ಸಮ್ಮ

ಚಾಮರಾಜನಗರ ತಾಲ್ಲೂಕಿನ ಯಾವ ಊರಿಗಾದರೂ ಹೋಗಿ, ಮೈಸೂರಿನಲ್ಲೋ ಬೆಂಗಳೂರಿನಲ್ಲೋ ನರ್ಸ್ ಕೆಲಸ ಮಾಡುವ ಮಗಳಿರುವ ಮನೆ ಒಂದಾದರೂ ಸಿಗುತ್ತದೆ. ಹಬ್ಬವಿಲ್ಲ, ಕೊಂಡವಿಲ್ಲ, ಗಂಡಿನ ಕಡೆಯವರು ನೋಡಲು ಬರುವ ಸುದ್ದಿಯೂ ಇಲ್ಲ. ಆದರೂ ಆ ಮಗಳು ರಜ ಹಾಕಿ ಬಂದು, ಫೋನನ್ನು ಈ ಕೈಯಿಂದ ಆ ಕೈಗೆ ಬದಲಾಯಿಸುತ್ತಾ ಜಗಲಿಯ ಮೇಲೆ ಕೂತಿದ್ದಾಳೆ ಎಂದರೆ ಅಮೆರಿಕದ ಪರೀಕ್ಷೆ ಬರೆದಿದ್ದಾಳೆ ಎಂದೇ ತಿಳಿಯಬೇಕು. ಹರದನಹಳ್ಳಿಯ ನಮ್ಮ ಬೀದಿಯಲ್ಲೂ ಒಬ್ಬಳಿದ್ದಾಳೆ. ಹೆಸರು ಬೇಡ. ಬೀದಿಗೆಲ್ಲ ಅವಳು ನರ್ಸಮ್ಮ.

ನಮ್ಮಲ್ಲಿ ಕಾಲೇಜಿನ ಪರೀಕ್ಷೆ ಪಾಸು ಮಾಡಿ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ಬರೆಸಿದರೆ ಮುಗಿಯಿತು, ನರ್ಸು. ಅಮೆರಿಕದವರು ಅಷ್ಟಕ್ಕೆ ಬಿಡುವವರಲ್ಲ. ನಿಮ್ಮ ಕಾಲೇಜು ಏನು ಬೇಕಾದರೂ ಬರೆದುಕೊಡಲಿ, ನಾವೂ ಒಂದು ಸಲ ಕೇಳಿ ನೋಡುತ್ತೇವೆ ಎಂದು ಎನ್‌ಕ್ಲೆಕ್ಸ್ ಎಂಬುದನ್ನು ಇಟ್ಟಿದ್ದಾರೆ. ಶುಲ್ಕ 200 ಡಾಲರ್. ಅವರ ದೇಶದ ಹೊರಗೆ ಕೂತು ಬರೆಯುವುದಕ್ಕೆ ಇನ್ನೂ 150 ಡಾಲರ್. ಬೆಂಗಳೂರಿನಲ್ಲೇ ಕೇಂದ್ರವಿದೆ. ಪಾಸ್‌ಪೋರ್ಟ್ ತೋರಿಸಿ, ಅಂಗೈಯ ನರಗಳನ್ನು ಯಂತ್ರಕ್ಕೆ ಒಪ್ಪಿಸಿ ಒಳಗೆ ಹೋಗಬೇಕು. ದಿನಕ್ಕೆ ಇಪ್ಪತ್ತು ಜನರ ನರ ಹುಡುಕಿ ಡ್ರಿಪ್ ಹಾಕುವವಳ ನರವನ್ನು ಅವತ್ತು ಬೇರೆ ಯಾರೋ ಹುಡುಕುತ್ತಾರೆ.

ನರ್ಸಮ್ಮ ಚಾಮರಾಜನಗರದಿಂದ ತಿರುಪತಿ ರೈಲು ಹತ್ತಿಯೇ ಬೆಂಗಳೂರಿಗೆ ಹೋದದ್ದು. ಅವಳ ಅವ್ವನಿಗೆ ಅದೇ ಒಂದು ಶುಭಸೂಚನೆಯಾಗಿ ಕಂಡಿತು. “ಇಳೀದೇ ಹಂಗೇ ಮುಂದಕ್ಕೆ ಹೋಗಿ ಮುಡಿ ಕೊಟ್ಟು ಬಂದ್ಬುಡು ಮಗ, ಪರೀಕ್ಸೆ ಆಮೇಲೆ ಬರೀವಂತೆ” ಎಂದಳಂತೆ. ಆ ಮಾತು ನಡೆಯದಿದ್ದುದಕ್ಕೆ ಮಾದಪ್ಪನ ಬೆಟ್ಟಕ್ಕೆ ನಡೆದುಕೊಂಡು ಬರುತ್ತೇನೆ ಎಂದು ಹರಕೆ ಹೊತ್ತಳು. ನಡೆಯಬೇಕಾದವರು ಯಾರು, ಅವ್ವನೋ ಮಗಳೋ ಎಂಬುದನ್ನು ಮಾದಪ್ಪನಿಗೂ ಸ್ಪಷ್ಟವಾಗಿ ಹೇಳಿಲ್ಲ.

ಈ ಪರೀಕ್ಷೆಯ ವಿಚಿತ್ರ ಅರ್ಥವಾಗದೆ ನರ್ಸಮ್ಮನ ಸಂಕಟ ಅರ್ಥವಾಗುವುದಿಲ್ಲ. ಪ್ರಶ್ನೆಪತ್ರಿಕೆ ಎಂಬುದೇ ಇಲ್ಲ. ಕಂಪ್ಯೂಟರು ಒಂದು ಪ್ರಶ್ನೆ ಕೇಳುತ್ತದೆ. ಸರಿ ಹೇಳಿದರೆ ಮುಂದಿನದು ಇನ್ನೂ ಕಷ್ಟದ್ದು, ತಪ್ಪಿದರೆ ಸ್ವಲ್ಪ ಸುಲಭದ್ದು. ಹಾಗಾಗಿ ಜಾಣೆಗೂ ದಡ್ಡಿಗೂ ಹೆಚ್ಚುಕಡಿಮೆ ಅರ್ಧ ತಪ್ಪಿದ ಹಾಗೇ ಅನಿಸುತ್ತದೆ. ಕಡಿಮೆಯೆಂದರೆ 85 ಪ್ರಶ್ನೆ, ಹೆಚ್ಚೆಂದರೆ 150, ಐದು ಗಂಟೆ ಕಾಲ. ಇವಳು ಪಾಸೇ ಅಥವಾ ಇವಳು ಫೇಲೇ ಎಂದು ನೂರಕ್ಕೆ ತೊಂಬತ್ತೈದು ಪಾಲು ಖಾತ್ರಿಯಾದ ಕೂಡಲೇ ಕಂಪ್ಯೂಟರು ತೆಪ್ಪಗಾಗುತ್ತದೆ. ಎರಡರಲ್ಲಿ ಯಾವುದು ಖಾತ್ರಿಯಾಯಿತು ಎಂಬುದನ್ನು ಮಾತ್ರ ಹೇಳುವುದಿಲ್ಲ.

ನರ್ಸಮ್ಮನದು 85ಕ್ಕೇ ನಿಂತಿತು. ಅಂದರೆ ಕಂಪ್ಯೂಟರಿಗೆ ಅವಳ ಬಗ್ಗೆ ಬೇಗನೇ ಖಾತ್ರಿಯಾಗಿದೆ. ಬಹಳ ಚೆನ್ನಾಗಿ ಬರೆದಿರಬೇಕು, ಇಲ್ಲವೇ ಬಹಳ ಕೆಟ್ಟದಾಗಿ. ಪರದೆ ಬೆಳ್ಳಗಾದ ಆ ಗಳಿಗೆಯಿಂದ ಅವಳು ಬೇರೆಯೇ ಹೆಂಗಸು.

ಅಧಿಕೃತ ಫಲಿತಾಂಶ ಕೊಡುವುದು ಅಲ್ಲಿನ ರಾಜ್ಯದ ನರ್ಸಿಂಗ್ ಮಂಡಳಿ. ಅದಕ್ಕೆ ಆರು ವಾರದವರೆಗೂ ಆಗಬಹುದು. ಅಲ್ಲಿಯತನಕ ತಡೆಯಲಾರದವರಿಗೆ ಅಮೆರಿಕದ ಹಲವು ರಾಜ್ಯಗಳಲ್ಲಿ ಇನ್ನೊಂದು ದಾರಿ ಇದೆ: ಎರಡು ಕೆಲಸದ ದಿನ ಕಳೆದ ಮೇಲೆ ಏಳು ಡಾಲರ್ ತೊಂಬತ್ತೈದು ಸೆಂಟ್ ಕೊಟ್ಟು ತಾತ್ಕಾಲಿಕ ಫಲಿತಾಂಶ ನೋಡಬಹುದು. ನರ್ಸಮ್ಮ ಬರೆದದ್ದು ಶುಕ್ರವಾರ. ಶನಿವಾರ, ಭಾನುವಾರ ಲೆಕ್ಕಕ್ಕಿಲ್ಲ. ನಮಗೆ ಬೆಳಗಾದಾಗ ಅವರಿಗೆ ಹಿಂದಿನ ರಾತ್ರಿ. ಅವಳ ಅಜ್ಜಿ ಬೆರಳು ಮಡಚಿ ಎಣಿಸಿ ಎಣಿಸಿ, “ಅಮಾಸೆ ಕಳೀಲಿ ಬುಡು” ಎಂದು ತೀರ್ಪು ಕೊಟ್ಟಿತು.

ತೋಂಟದ ಸಿದ್ಧಲಿಂಗ ಯತಿಗಳು ಹುಟ್ಟಿದ ಊರು ಇದು. ಕಗ್ಗೆರೆಯ ತೋಟದಲ್ಲಿ ತಪಸ್ಸಿಗೆ ಕೂತವರ ಮೈಮೇಲೆ ಹುತ್ತ ಬೆಳೆದರೂ ಅವರು ಅಲುಗಲಿಲ್ಲ ಎಂದು ಕಥೆ. ಅದೇ ಊರಿನ ನರ್ಸಮ್ಮ ಶನಿವಾರ ಮಧ್ಯಾಹ್ನದೊಳಗೆ ಅಜ್ಜಿಯ ಬಿಪಿಯನ್ನು ನಾಲ್ಕು ಸಲ ನೋಡಿದಳು. ಅಜ್ಜಿಯದು ಸರಿಯಾಗಿಯೇ ಇತ್ತು. ಐದನೆಯ ಸಲಕ್ಕೆ ಏರಿತು. ಪಟ್ಟಿ ಬಿಗಿಯುವ ಸದ್ದು ಕೇಳಿ ಬೀದಿಯ ನಾಲ್ಕಾರು ಹೆಂಗಸರು ತಮ್ಮದೂ ನೋಡಲಿ ಎಂದು ಬಂದು ಕೂತರು. ಬಂದವರು ತೋಳು ಚಾಚಿ ಸುಮ್ಮನಿರುತ್ತಾರೆಯೇ?

“ಎಷ್ಟು ಪರ್ಸೆಂಟು ಬತ್ತದವ್ವ?”

“ಅದ್ರಲ್ಲಿ ಪರ್ಸೆಂಟ್ ಇರಲ್ಲ ಕಣಕ್ಕ. ಪಾಸು ಇಲ್ಲಾಂದ್ರೆ ಫೇಲು, ಅಷ್ಟೇ.”

“ಅಯ್ಯೋ, ನಂಬರೇ ಇಲ್ದೋದ್ರೆ ಅದೆಂಥ ಪಾಸವ್ವ? ನಮ್ ಮೈದ ಎಸ್ಸೆಸ್ಸೆಲ್ಸಿಲಿ ಫೇಲಾದಾಗ್ಲೂ ನಂಬರು ಕೊಟ್ಟಿದ್ರು.”

ಆಕೆ ಹೇಳಿದ್ದರಲ್ಲಿ ಸತ್ಯವಿತ್ತು. ಎನ್‌ಕ್ಲೆಕ್ಸ್‌ನಲ್ಲೂ ಯಾವ ವಿಷಯದಲ್ಲಿ ಎಲ್ಲಿ ಸೋತಿರಿ ಎಂಬ ವಿವರದ ಕಾಗದ ಸಿಗುವುದು ಫೇಲಾದವರಿಗೆ ಮಾತ್ರ. ಪಾಸಾದವರಿಗೆ ಒಂದೇ ಒಂದು ಪದ.

ನರ್ಸಮ್ಮ ರಾತ್ರಿಯೆಲ್ಲ ತಪ್ಪುಗಳನ್ನು ಎಣಿಸುತ್ತಿದ್ದಳು. 85ರಲ್ಲಿ 15 ಪ್ರಶ್ನೆಗಳು ಮುಂದೆ ಬಳಸುವುದಕ್ಕೆಂದು ಸುಮ್ಮನೆ ಕೇಳಿ ನೋಡುವಂಥವು, ಅವಕ್ಕೆ ಅಂಕವಿಲ್ಲ. ಯಾವ ಹದಿನೈದು ಎಂದು ಬರೆಯುವವರಿಗೆ ತಿಳಿಯದು. ರಾತ್ರಿ ಹನ್ನೊಂದಕ್ಕೆ ಅವಳು ತಪ್ಪು ಮಾಡಿದ್ದೆಲ್ಲ ಆ ಹದಿನೈದರೊಳಗೇ ಇತ್ತು. ಎರಡು ಗಂಟೆಗೆ ಸರಿ ಮಾಡಿದ್ದೆಲ್ಲ ಆ ಹದಿನೈದರೊಳಗೆ ಹೋಗಿ ಸೇರಿತ್ತು.

ಭಾನುವಾರ ಬೆಳಿಗ್ಗೆಯ ಒಂದು ಪ್ರಸಂಗ ನಾನು ಕಣ್ಣಾರೆ ಕಂಡದ್ದು. ಒಲೆಯ ಮೇಲೆ ಹಾಲು. ಹಿತ್ತಲಲ್ಲಿ ಕರು ಹಗ್ಗ ಕಿತ್ತುಕೊಂಡು ಹಸುವಿನ ಹತ್ತಿರ ಓಡುತ್ತಿದೆ. ಬಾಗಿಲಲ್ಲಿ ಸೋದರಮಾವ ನಿಂತು ನೀರು ಕೇಳುತ್ತಿದ್ದಾನೆ. ಒಳಗೆ ಅಜ್ಜಿ ಎಲೆಅಡಿಕೆ ನೆತ್ತಿಗೇರಿ ಕೆಮ್ಮುತ್ತಿದೆ. ಬೇರೆ ಯಾರೇ ಆಗಿದ್ದರೂ ಹಾಲಿಗೆ ಓಡುತ್ತಿದ್ದರು. ನರ್ಸಮ್ಮ ನಡುಮನೆಯಲ್ಲಿ ಹಾಗೇ ನಿಂತಳು. ನಾಲ್ಕು ರೋಗಿಗಳಲ್ಲಿ ಮೊದಲು ಯಾರನ್ನು ನೋಡುವಿರಿ ಎಂಬ ಜಾತಿಯ ಪ್ರಶ್ನೆಗೆ ತಿಂಗಳುಗಟ್ಟಲೆ ತಯಾರಾದವಳು. ಮೊದಲು ಉಸಿರಿನ ದಾರಿ, ಆಮೇಲೆ ಉಸಿರು, ಆಮೇಲೆ ರಕ್ತದ ಓಟ. ತುಟಿ ಅಲ್ಲಾಡಿಸುತ್ತಾ ಲೆಕ್ಕ ಹಾಕಿ ಅಜ್ಜಿಯ ಬೆನ್ನಿಗೆ ಹೋದಳು. ಅಜ್ಜಿ ಅಷ್ಟರಲ್ಲಿ ಕೆಮ್ಮು ಮುಗಿಸಿ ಇನ್ನೊಂದು ಎಲೆಗೆ ಸುಣ್ಣ ಸವರುತ್ತಿತ್ತು. ಹಾಲು ಉಕ್ಕಿ ಒಲೆ ಆರಿತು. ಮಿಕ್ಕ ಹಾಲನ್ನು ಕರು ಕೆಚ್ಚಲಲ್ಲೇ ಮುಗಿಸಿತು. ಅವ್ವ ಬೈಯುತ್ತಿದ್ದರೆ ಇವಳ ಮುಖದಲ್ಲಿ ಎರಡು ದಿನದಲ್ಲಿ ಮೊದಲ ಸಲ ಒಂದು ಸಮಾಧಾನ: “ಉತ್ತರ ಸರಿ ಕಣವ್ವ. ಪುಸ್ತಕದಲ್ಲೂ ಹಂಗೇ ಅದ.”

ಅವಳೇ ವಾರ್ಡಿನಲ್ಲಿ ಹೇಗಿರುತ್ತಾಳೆ ಎಂದು ಬಲ್ಲವರಿಗೆ ಇದನ್ನು ನಂಬುವುದು ಕಷ್ಟ. ಸ್ಕ್ಯಾನಿಂಗ್ ರಿಪೋರ್ಟಿಗೆ ಪರದಾಡುವವರನ್ನು, “ಬಂದ ಮೇಲೆ ಡಾಕ್ಟ್ರೇ ಹೇಳ್ತಾರೆ, ಹೊರಗಡೆ ಕೂತ್ಕೊಳ್ಳಿ” ಎಂದು ಒಂದೇ ಉಸಿರಿಗೆ ಕಳಿಸುವ ಗಟ್ಟಿಗಿತ್ತಿ ಅವಳು.

ಭಾನುವಾರ ಸಂಜೆ ಅವಳ ಗೆಳತಿಯರ ವಾಟ್ಸಾಪಿನಿಂದ ಒಂದು ಉಪಾಯ ಬಂತು. ಎನ್‌ಕ್ಲೆಕ್ಸ್ ಬರೆದವರ ಲೋಕದಲ್ಲಿ ಅದು ಬಲು ಪ್ರಸಿದ್ಧ. ಫಲಿತಾಂಶ ಬರುವ ಮೊದಲೇ ಅದೇ ಪರೀಕ್ಷೆಗೆ ಮತ್ತೊಮ್ಮೆ ಹೆಸರು ನೋಂದಾಯಿಸಲು ಹೋಗುವುದು. ನೀವು ಈಗಾಗಲೇ ಬರೆದಿದ್ದೀರಿ, ಮತ್ತೆ ಆಗುವುದಿಲ್ಲ ಎಂದು ಕಂಪ್ಯೂಟರು ತಡೆದರೆ ಪಾಸಾಗಿದೆ ಎಂದು ಅರ್ಥ. ಬನ್ನಿ ಬನ್ನಿ ಎಂದು 200 ಡಾಲರ್ ಎಳೆದುಕೊಂಡರೆ ಫೇಲು. ಪರೀಕ್ಷೆ ನಡೆಸುವವರು ಇದನ್ನು ನಂಬಬೇಡಿ ಎಂದೇ ಹೇಳುತ್ತಾ ಬಂದಿದ್ದಾರೆ. ದೇವರ ಮುಂದೆ ಹೂ ಕೇಳುವವರಿಗೆ ಪೂಜಾರಿ ಬೇಡವೆಂದರೆ ಬಿಡುತ್ತಾರೆಯೇ? ಬಲಕ್ಕೆ ಬಿದ್ದರೆ ಆಯಿತು, ಎಡಕ್ಕೆ ಬಿದ್ದರೆ ಇಲ್ಲ, ಇದೂ ಅದೇ. ಒಂದೇ ವ್ಯತ್ಯಾಸ, ಇಲ್ಲಿ ಎಡಕ್ಕೆ ಬಿದ್ದ ಹೂವಿಗೆ 17 ಸಾವಿರ ರೂಪಾಯಿಗೂ ಮೇಲೆ ಬೀಳುತ್ತದೆ.

ಸೋದರಮಾವ ಎದೆ ತಟ್ಟಿಕೊಂಡು ತನ್ನ ಕಾರ್ಡ್ ಕೊಟ್ಟ. ಅರಿಶಿನ ಮಾರಿದ ದುಡ್ಡು ಹಾಕಲು ತೆಗೆಸಿದ ಖಾತೆ, ಅದರ ಜೊತೆ ಬಂದ ಕಾರ್ಡು, ಕವರಿನಿಂದ ಹೊರಗೆ ಬಂದದ್ದೇ ಅಪರೂಪ. ಬೀದಿಯ ಅರ್ಧ ಜನ ಜಗಲಿಯ ಮೇಲೆ. ನಂಬರು ಒತ್ತಿದ್ದಾಯಿತು. ಫೋನು ಯೋಚನೆ ಮಾಡಿತು. ವ್ಯವಹಾರ ನಿರಾಕರಿಸಲಾಗಿದೆ ಎಂದು ಬಂತು.

“ದುಡ್ಡು ಹೋಗ್ಲಿಲ್ಲ! ಪಾಸು ಕನ ಕೂಸೆ!” ಎಂದು ಮಾವ ಎದ್ದೇ ನಿಂತ.

“ಮಾವ, ತಡ್ದಿರೋದು ಅಮೆರಿಕದವ್ರಲ್ಲ, ನಿಮ್ ಬ್ಯಾಂಕು!”

ಅವಳು ಹೇಳಿದ್ದೇ ನಿಜ. ರಿಸರ್ವ್ ಬ್ಯಾಂಕು 2020ರ ಮಾರ್ಚ್‌ನಿಂದ ಹೊಸ ಕಾರ್ಡುಗಳನ್ನು ವಿದೇಶದ ವ್ಯವಹಾರ ಮುಚ್ಚಿಯೇ ಕೊಡಿಸುತ್ತದೆ. ಬೇಕಾದವರು ಕೇಳಿ ತೆರೆಸಿಕೊಳ್ಳಬೇಕು. ಮಾವ ಗುಂಡ್ಲುಪೇಟೆಯಿಂದ ಆಚೆಗೆ ವ್ಯವಹಾರ ಇಟ್ಟುಕೊಂಡವನಲ್ಲ, ವಿದೇಶದ್ದು ಎಲ್ಲಿಂದ ತೆರೆಸಬೇಕು? ಆದರೆ ಪಾಸು ಎಂದು ಒಮ್ಮೆ ಕೂಗಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವ ಜಾಯಮಾನವೂ ಅವನದಲ್ಲ. ರಾತ್ರಿಯೊಳಗೆ ಊರಿಗೆಲ್ಲ ಸುದ್ದಿಯಾಯಿತು. ನರ್ಸಮ್ಮ ಒಬ್ಬಳನ್ನು ಬಿಟ್ಟು ಹರದನಹಳ್ಳಿ ಪೂರ್ತಿ ನೆಮ್ಮದಿಯಾಗಿ ನಿದ್ದೆ ಮಾಡಿತು.

ಎರಡು ಕೆಲಸದ ದಿನ ಕೊನೆಗೂ ಕಳೆಯಿತು. ಏಳು ಡಾಲರ್ ತೊಂಬತ್ತೈದು ಸೆಂಟ್ ಕಟ್ಟಲು ಮಾವ ಮತ್ತೆ ಕಾರ್ಡ್ ಚಾಚಿದ. ಅದೂ ನಿರಾಕರಣೆಯಾಯಿತು. “ಇದುನ್ನೂ ಬ್ಯಾಡ ಅಂದ್ಬುಟ್ರು, ಡಬ್ಬಲ್ ಪಾಸು!” ಎಂದ. ಮೈಸೂರಿನ ಗೆಳತಿಯೊಬ್ಬಳು ತನ್ನ ಕಾರ್ಡಿನಿಂದ ಕಟ್ಟಿ, ಪರದೆಯ ಚಿತ್ರ ತೆಗೆದು ಕಳಿಸಿದಳು. ನರ್ಸಮ್ಮ ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ನೋಡಿದಳು. ಒಂದೇ ಪದ. ಪಾಸು.

ಅತ್ತದ್ದು, ಬೆಲ್ಲ ಹಂಚಿದ್ದು ಬೇಗ ಮುಗಿಯಿತು. ಯಾವತ್ತು ವಿಮಾನ ಎಂದು ಎಲ್ಲರೂ ಕೇಳತೊಡಗಿದಾಗ ಅವಳು ವೀಸಾದ ಸಾಲನ್ನು ವಿವರಿಸಿದಳು. ಇಂಗ್ಲಿಷಿನ ಪರೀಕ್ಷೆ ಬೇರೆ ಇದೆ. ಅದಾದ ಮೇಲೆ ನರ್ಸುಗಳು ನಿಲ್ಲುವ ಹಸಿರು ಕಾರ್ಡಿನ ಸಾಲಿನಲ್ಲಿ ಭಾರತದವರದು ಹತ್ತು ವರ್ಷಕ್ಕೂ ಹಿಂದೆ ಅರ್ಜಿ ಹಾಕಿದವರ ಹತ್ತಿರವೇ ಇನ್ನೂ ನಿಂತಿದೆ. ಅಜ್ಜಿ ಮತ್ತೆ ಬೆರಳು ಮಡಚಲು ಹೋಗಿ, ಬೆರಳು ಸಾಲದೆ, “ಅಷ್ಟೊತ್ಗೆ ನಾನಿರಲ್ಲ, ಈಗ್ಲೇ ವಸಿ ಬಿಪಿ ನೋಡ್ಬುಡು” ಎಂದಿತು. ನರ್ಸಮ್ಮ ಮಾರನೆಯ ದಿನವೇ ಡ್ಯೂಟಿಗೆ ಹೋದಳು. ಈಗ ಜರ್ಮನ್ ಭಾಷೆ ಕಲಿಯುತ್ತಿದ್ದಾಳಂತೆ.

ಆದರೆ ಹೆಸರು ಬಂದದ್ದು ಮಾವನ ಕಾರ್ಡಿಗೆ. ಆ ಕಾರ್ಡ್ ಹಾಕಿದರೆ ಪಾಸು ಎಂಬ ಸುದ್ದಿ ಹಬ್ಬಿ, ಪರೀಕ್ಷೆ ಬರೆದ ಹುಡುಗಿಯರು ಹುಡುಕಿಕೊಂಡು ಬರತೊಡಗಿದರು. ಎಲ್ಲರಿಗೂ ನಿರಾಕರಣೆ, ಎಲ್ಲರಿಗೂ ಸಂತೋಷ. ಮೊನ್ನೆ ಗುಂಡ್ಲುಪೇಟೆ ಕಡೆಯ ಒಬ್ಬಳು ತಟ್ಟೆಯಲ್ಲಿ ಎಲೆಅಡಿಕೆ, ಬಾಳೆಹಣ್ಣು ಇಟ್ಟುಕೊಂಡೇ ಬಂದಿದ್ದಳು. ಅವತ್ತೇ ಬ್ಯಾಂಕಿನಿಂದ ಫೋನೂ ಬಂತು: ನಿಮ್ಮ ಕಾರ್ಡಿನಲ್ಲಿ ಎಷ್ಟೋ ಸಲ ವಿದೇಶದ ವ್ಯವಹಾರ ಪ್ರಯತ್ನವಾಗಿದೆ, ತೆರೆದುಕೊಡೋಣವೇ ಎಂದು.

ಮಾವ ಫೋನನ್ನು ಕಿವಿಯಿಂದ ದೂರ ಹಿಡಿದು, ಆ ಹುಡುಗಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದ: “ಬ್ಯಾಡಿ ಸಾ, ಅದು ಹಂಗೇ ಮುಚ್ಕಂಡಿರ್ಲಿ. ನೀವೇನಾರ ತೆಗ್ದುಬುಟ್ರೆ ಮಕ್ಳೆಲ್ಲಾ ಫೇಲಾಯ್ತರೆ!”