ಸೂಜಿಗೆ ಅಂಜದ ಚಾಚಾ

ಜಾಲಹಳ್ಳಿಯ ನಮ್ಮ ಚಾಚಾ ಯಾರಿಗೂ ಅಂಜುವವರಲ್ಲ. ಹಾಗಂತ ಅವರೇ ಹೇಳಿದ್ದಾರೆ, ಎದುರಾಡಿದವರಿಲ್ಲ. ನಾರಾಯಣಪುರ ಬಲದಂಡೆ ಕಾಲುವೆಯ ನೀರಿನ ಪಾಳಿಗಾಗಿ ನಡುರಾತ್ರಿ ಬಡಿಗೆ ಹಿಡಿದು ಒಬ್ಬರೇ ತೂಬಿನ ಮೇಲೆ ಕೂತವರು. ಹತ್ತಿ ಚೀಲ ಎತ್ತುವಾಗ ತೋಳಿನ ಮೇಲೆ ಹರಿದ ಚೇಳನ್ನು ಕೊಡವಿ, ಅರ್ಧಕ್ಕೆ ನಿಂತಿದ್ದ ಮಾತು ಮುಂದುವರಿಸಿದವರು.

ಇಂಥವರು ಪ್ರತಿ ಊರಿನಲ್ಲೂ ಒಬ್ಬರಾದರೂ ಸಿಗುತ್ತಾರೆ. ಗುರುತು ಹಿಡಿಯುವುದು ಕಷ್ಟವಲ್ಲ: ಬೇರೆಯವರ ಜ್ವರಕ್ಕೆ ಸೂಜಿ ಹೇಳುವವರು ಇವರೇ. "ಗುಳಿಗಿ ನುಂಗಿದ್ರ ಜ್ವರ ಹೋಗ್ತದೇನೋ? ನಡಿ, ಒಂದು ಸೂಜಿ ಮಾಡಿಸ್ಕೊಂಡು ಬಾ." ಸೂಜಿ ಮಾಡದೆ ಬರೀ ಬುದ್ಧಿ ಹೇಳಿ ಕಳಿಸುವ ಡಾಕ್ಟರು ಚಾಚಾ ಲೆಕ್ಕದಲ್ಲಿ ಇನ್ನೂ ಕಲಿಯುವ ಹುಡುಗ. ಲಸಿಕೆಯ ದಿನ ಅಳುವ ಕೂಸುಗಳ ತೊಡೆ ಗಟ್ಟಿಯಾಗಿ ಹಿಡಿಯಲು ಮುಂದೆ ಬರುವವರೂ ಅವರೇ. ತಮಗೇ ಜ್ವರ ಬಂದಾಗ ಮಾತ್ರ "ನನ್ನ ಮೈಗಿ ಕಷಾಯನ ಒಗ್ಗತದ."

2021ರಲ್ಲಿ ಕೋವಿಡ್ ಲಸಿಕೆಯವರು ಊರಿಗೆ ಬಂದಾಗ ಚಾಚಾಗೆ ಹೊಲದಲ್ಲಿ ಎಂದೂ ಇಲ್ಲದಷ್ಟು ಕೆಲಸ ಬಂತು. ಕೊನೆಗೆ ಸಿಸ್ಟರ್ ಹೊಲಕ್ಕೇ ಹೋಗಿ ಮುಗಿಸಿ ಬಂದರು. ಅಲ್ಲಿ ಏನು ನಡೆಯಿತೆಂದು ಆಕೆ ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ.

ಹೀಗಿರುವಾಗ ಚಾಚಾ, ಚಾಚಿ ಇಬ್ಬರಿಗೂ ಹಜ್ ಯಾತ್ರೆಯ ಚೀಟಿ ಎದ್ದಿತು. ಊರೆಲ್ಲ ಸಂಭ್ರಮಿಸಿತು. 2024ರಲ್ಲಿ ಇಡೀ ಭಾರತಕ್ಕೆ ಸಿಕ್ಕ ಪಾಲೇ 1,75,025. ಆ ಲೆಕ್ಕದಲ್ಲಿ ನಮ್ಮ ಜಾಲಹಳ್ಳಿಗೆ ಎರಡು ಬಂತೆಂದರೆ ಸಣ್ಣ ಮಾತಲ್ಲ. ಪಾಸ್‌ಪೋರ್ಟು, ಫೋಟೊ, ಬ್ಯಾಂಕಿನ ಚಲನ್ನು ಎಲ್ಲವೂ ಸರಾಗ ನಡೆದವು. ಒಂದು ದಿನ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಮೊಮ್ಮಗ ಫೋನು ನೋಡಿ ಓದಿದ:

"ದಾದಾ, ರಾಯಚೂರಾಗ ಲಸಿಕಿ ಕ್ಯಾಂಪ್ ಅದಂತ. ಪೋಲಿಯೋ ಹನಿ ಹಾಕ್ತಾರಂತ."

"ಹಾಕ್ಲಿ ತಗೋ. ಬಾಯಿ ತೆರೆದ್ರಾತು."

"ಸೂಜೀನೂ ಮಾಡ್ತಾರಂತ."

ಚಾಚಾ ಬಸಿಯನ್ನು ಕೆಳಗಿಟ್ಟರು. ಚಹಾ ಹಾಗೇ ಉಳಿಯಿತು. ಜಾಲಹಳ್ಳಿಯಲ್ಲಿ ಚಹಾ ಬಿಟ್ಟು ಎದ್ದರೆ ಮನೆಯಲ್ಲಿ ಏನೋ ಆಗಿದೆ ಎಂದೇ ಅರ್ಥ.

ಮುಂದಿನ ವಾರವೆಲ್ಲ ವಾದ. ಚಾಚಾರ ಮೊದಲ ಅಸ್ತ್ರ ಇತಿಹಾಸದ್ದು. "ನಮ್ಮ ಮುತ್ಯಾ ಹಡಗಿನ್ಯಾಗ ಹೋಗಿ ಬಂದಾನ. ಅಂವಗ ಯಾರು ಸೂಜಿ ಮಾಡಿದ್ರು?" ದುರದೃಷ್ಟಕ್ಕೆ ನಿವೃತ್ತ ಮಾಸ್ತರರು ಪಕ್ಕದ ಬೆಂಚಿನಲ್ಲೇ ಮಂಡಾಳ ಒಗ್ಗರಣಿ ತಿನ್ನುತ್ತಿದ್ದರು. ಹಡಗಿನ ಕಾಲದಲ್ಲೂ ಸಿಡುಬು, ಕಾಲರಾ ಲಸಿಕೆಗಳಿದ್ದವೆಂದೂ, ಸಾಲದ್ದಕ್ಕೆ ಕೆಂಪು ಸಮುದ್ರದ ಕಮರಾನ್ ದ್ವೀಪದಲ್ಲಿ ಯಾತ್ರಿಕರನ್ನು ಇಳಿಸಿ ದಿಗ್ಬಂಧನದಲ್ಲಿ ಇಡುತ್ತಿದ್ದರೆಂದೂ ಮಿರ್ಚಿ ಮುರಿಯುತ್ತ ವಿವರಿಸಿದರು. ಅಷ್ಟಕ್ಕೆ ಬಿಡದೆ, ಹಾಫ್‌ಕಿನ್ ಎಂಬ ವಿಜ್ಞಾನಿ 1897ರ ಜನವರಿಯಲ್ಲಿ ಮುಂಬೈಯಲ್ಲಿ ಪ್ಲೇಗ್ ಲಸಿಕೆಯನ್ನು ಮೊದಲು ತನ್ನ ಮೈಗೇ ಹಾಕಿಸಿಕೊಂಡ ಕಥೆಯನ್ನೂ ಹೇಳಿದರು.

"ತಾ ಮಾಡಿದ ಅಡಿಗಿ ತಾ ಉಣ್ಣಬೇಕಲ್ರಿ ಮಾಸ್ತರ್ರೇ," ಎಂದರು ಚಾಚಾ. "ನನಗ್ಯಾಕ ಬಡಿಸ್ತೀರಿ?"

ಮಾಸ್ತರರು ಬಿಡುವ ಆಸಾಮಿಯಲ್ಲ. ಹಜ್‌ಗೆ ಹೊರಟವರಿಗೆ ಮಾಡುವ ಈ ಸೂಜಿ ಮೆನಿಂಜೈಟಿಸ್ ತಡೆಯಲಿಕ್ಕೆ ಎಂದು ಶುರು ಮಾಡಿದರು. ಮೆನಿಂಜೈಟಿಸ್ ಎಂದರೆ ಮೆದುಳಿನ ಪೊರೆಗೆ ಬರುವ ಬೇನೆ. ಗಂಟಲು, ಮೂಗಿನ ಹನಿಗಳಿಂದ ಹರಡುತ್ತದೆ. ಜನ ಹೆಗಲಿಗೆ ಹೆಗಲು ತಾಗಿ ನಡೆಯುವ ಕಡೆ ಅದಕ್ಕೆ ಹಬ್ಬ. 2000ನೇ ಇಸವಿಯ ಹಜ್‌ನಲ್ಲಿ ಡಬ್ಲ್ಯು-135 ಎಂಬ ತಳಿ ನೂರಾರು ಮಂದಿಗೆ ತಗುಲಿತು. ಯಾತ್ರೆ ಮುಗಿಸಿ ಹೋದವರ ಮನೆಮಂದಿಗೂ ಅಂಟಿತು. ಆಗ ಬಹುಪಾಲು ಯಾತ್ರಿಕರು ಹಾಕಿಸಿಕೊಂಡಿದ್ದ ಲಸಿಕೆ ಆ ತಳಿಯನ್ನು ತಡೆಯುವಂಥದ್ದಲ್ಲ. ಆಮೇಲೆ ಸೌದಿಯವರು ಎ, ಸಿ, ವೈ, ಡಬ್ಲ್ಯು-135 ನಾಲ್ಕನ್ನೂ ತಡೆಯುವ ಲಸಿಕೆಯನ್ನೇ ಕಡ್ಡಾಯ ಮಾಡಿದರು. ಅದೂ ಅಲ್ಲಿಗೆ ಕಾಲಿಡುವ ಕನಿಷ್ಠ 10 ದಿನ ಮೊದಲು.

"ನಾಕಕ್ಕ ನಾಕು ಸೂಜೀನಾ?" ಚಾಚಾರ ದನಿ ಇಳಿದಿತ್ತು.

"ನಾಕೂ ಸೇರಿ ಒಂದ ರೀ."

ಚಾಚಾ ಅವತ್ತು ಮಾಸ್ತರರ ಒಗ್ಗರಣಿಯ ದುಡ್ಡನ್ನೂ ಕೊಟ್ಟು ಎದ್ದರು.

ಕ್ಯಾಂಪಿನ ದಿನ ಕ್ರೂಸರ್ ತುಂಬ ಜನ. ದಾರಿಯಲ್ಲಿ ಗಬ್ಬೂರಿನಲ್ಲಿ ಇಳಿದು ಚಾಚಾ ಎರಡು ಪ್ಲೇಟು ತಿಂಡಿ ತಿಂದರು, ಇದು ನೆನಪಿನಲ್ಲಿರಲಿ. ರಾಯಚೂರಿನಲ್ಲಿ ಸಾಲು ನಿಂತಾಗ ಅವರ ಹೃದಯ ವೈಶಾಲ್ಯ ನಮಗೆ ಮೊದಲ ಬಾರಿಗೆ ತಿಳಿಯಿತು. "ಹೆಣ್ಮಕ್ಕಳು ಮುಂದ ಹೋಗ್ರಿ." "ವಯಸ್ಸಾದವರು ಬರ್ರಿ, ಬರ್ರಿ." ರೇಷನ್ ಅಂಗಡಿಯ ಮುಂದೆ ಈ ಉದಾರತೆಯನ್ನು ನಾವ್ಯಾರೂ ಕಂಡಿರಲಿಲ್ಲ. ಅಷ್ಟರಲ್ಲಿ ಚಾಚಿ ಬುರ್ಖಾದ ತೋಳು ಸರಿಸಿ, ಸಿಸ್ಟರಿಗೆ ಯಾವ ಊರು, ಮಕ್ಕಳೆಷ್ಟು ಎಂದು ಕೇಳುತ್ತ ಸೂಜಿ ಮುಗಿಸಿಕೊಂಡು ಬಂದು ಕುಂತಿದ್ದರು. ಕೊನೆಗೆ ಸಾಲಿನಲ್ಲಿ ಚಾಚಾ ಒಬ್ಬರೇ ಉಳಿದರು.

"ಈ ಕಡೆ ನೋಡಬ್ಯಾಡ್ರಿ ಚಾಚಾ."

"ನೋಡಿದ್ರೇನಾತು? ನನಗೇನು ಅಂಜಿಕಿ?" ಕಣ್ಣು ಆಗಲೇ ಮುಚ್ಚಿದ್ದವು. "ಔಷಧ ಎಷ್ಟದ?"

"ಅರ್ಧ ಎಂ.ಎಲ್."

"ಅಷ್ಟಕ್ಕ ಇಷ್ಟುದ್ದ ಸೂಜಿ ಯಾಕ ಬೇಕವ್ವ? ಸೂಜಿ ಹೊಸಾದಿಲ್ಲೇನು? ಎಡಗೈಗೆ ಮಾಡಿದ್ರ ನಡೀತದೇನು? ಹೂಂ, ಆತು, ಮಾಡಿಬಿಡು."

"ಆಗ್ಯಾದ್ರಿ."

"ಆಗ್ಯಾದಾ?" ಎಂದವರೇ ಚಾಚಾ ಕುರ್ಚಿಯಿಂದ ಮೆಲ್ಲಗೆ ಜಾರಿದರು.

ಇಲ್ಲಿ ಚಾಚಾರ ಪರವಾಗಿ ಒಂದು ಮಾತು ಹೇಳಲೇಬೇಕು. ಸೂಜಿ ಕಂಡು ಬೀಳುವುದಕ್ಕೂ ಧೈರ್ಯಕ್ಕೂ ಸಂಬಂಧವಿಲ್ಲ. ಕೆಲವರಿಗೆ ಆ ಗಳಿಗೆಯಲ್ಲಿ ಎದೆಬಡಿತ ನಿಧಾನವಾಗುತ್ತದೆ, ರಕ್ತನಾಳಗಳು ಸಡಿಲಾಗುತ್ತವೆ, ರಕ್ತದೊತ್ತಡ ಕುಸಿದು ಮೆದುಳಿಗೆ ರಕ್ತ ಸಾಲದೆ ಕಣ್ಣು ಕತ್ತಲಿಡುತ್ತದೆ. ಮಲಗಿಸಿ ಕಾಲು ಮೇಲೆತ್ತಿ ಹಿಡಿದರೆ ಸಾಮಾನ್ಯವಾಗಿ ಬೇಗನೆ ಎಚ್ಚರಾಗುತ್ತಾರೆ. ಸಿಸ್ಟರ್ ಅದನ್ನೇ ಮಾಡಿದರು. ಚಾಚಾ ಕಣ್ಣು ಬಿಟ್ಟು ಸುತ್ತ ನೆರೆದವರನ್ನು ನೋಡಿ ಗಂಭೀರವಾಗಿ ಹೇಳಿದರು: "ಮುಂಜಾನಿಂದ ಹೊಟ್ಟಿಗೆ ಏನೂ ಬಿದ್ದಿದ್ದಿಲ್ಲ."

ಗಬ್ಬೂರಿನ ಎರಡು ಪ್ಲೇಟಿನ ಬಿಲ್ಲು ಕೊಟ್ಟಿದ್ದ ಮೊಮ್ಮಗ ಹಿರಿಯರ ಮರ್ಯಾದೆಗೆ ಸುಮ್ಮನಿದ್ದ.

ಈಗ ಹೋಟೆಲಿನಲ್ಲಿ ಲಸಿಕೆಯ ವಿಷಯಕ್ಕೆ ಚಾಚಾರೇ ಅಧಿಕೃತ ವಕ್ತಾರರು. ಆಫ್ರಿಕಾಕ್ಕೆ ಕೆಲಸಕ್ಕೆ ಹೊರಟ ಹುಡುಗನೊಬ್ಬ ಹಳದಿ ಜ್ವರದ ಸೂಜಿಗೆ ಹೆದರಿದಾಗ ಅವನ ಬೆನ್ನಿಗೆ ಗುದ್ದಿ, "ಏನಿಲ್ಲೋ, ನನಗಂತೂ ಸೂಜಿ ಹೋಗಿದ್ದು ಬಂದಿದ್ದು ಗೊತ್ತ ಆಗ್ಲಿಲ್ಲ" ಎಂದರು. ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಹಳದಿ ಜ್ವರದ ಲಸಿಕೆ ಒಮ್ಮೆ ಹಾಕಿಸಿಕೊಂಡರೆ ಆ ಕಾರ್ಡು ಜೀವನಪೂರ್ತಿ ನಡೆಯುತ್ತದೆ ಎಂಬ ನಿಯಮ 2016ರಿಂದ ಇದೆಯೆಂದು ಗೊತ್ತಾದಾಗ ಮಾತ್ರ ಚಾಚಾರ ಮುಖದಲ್ಲಿ ತುಸು ಅಸೂಯೆ ಕಂಡಿತು.

ನಿಮ್ಮ ಮನೆಯಿಂದಲೂ ಯಾರಾದರೂ ಹೊರದೇಶಕ್ಕೆ ಹೊರಟಿದ್ದರೆ, ಅವರೂ ಯಾರಿಗೂ ಅಂಜದವರಾಗಿದ್ದರೆ, ಸಿಸ್ಟರಿಗೆ ಮೊದಲೇ ಕಿವಿಯಲ್ಲಿ ಹೇಳಿ ಮಲಗಿಸಿಯೇ ಸೂಜಿ ಮಾಡಿಸಿ. ಮುಗಿದ ಮೇಲೆ ಒಂದು ಹದಿನೈದು ನಿಮಿಷ ಎಬ್ಬಿಸಬೇಡಿ. ಸೂಜಿ ನೋಯುತ್ತದೋ ಇಲ್ಲವೋ ಎಂಬುದನ್ನು ಮಾತ್ರ ಚಾಚಾರನ್ನು ಕೇಳಬೇಡಿ, ಚಾಚಿಯನ್ನು ಕೇಳಿ.